ತತ್ವಶಾಸ್ತ್ರದ ಹೊಸ ಪುಸ್ತಕಕ್ಕೆ ವಿಮರ್ಶೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಶಾಂಕರ ಅದ್ವೈತದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಹೊಸ ಗ್ರಂಥಕ್ಕೆ ಜರ್ನಲ್ ಒಂದು ನನ್ನಿಂದ 1,500 ಪದಗಳ ವಿಮರ್ಶೆ ಕೇಳಿದೆ. ಏಳು ಅಧ್ಯಾಯಗಳಿವೆ. ಒಂದೊಂದಕ್ಕೆ 200 ಪದ ಕೊಟ್ಟರೆ ಸರಿಯೇ? (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬೇಡ. ಹಾಗೆ ಮಾಡಿದರೆ 1,400 ಪದ ಸಾರಾಂಶಕ್ಕೇ ಹೋಗಿ, ಉಳಿದ ನೂರರಲ್ಲಿ ‘ಉಪಯುಕ್ತ ಗ್ರಂಥ’ ಎಂದು ಹೇಳಿ ಮುಗಿಸಬೇಕಾಗುತ್ತದೆ. ಯಾವ ಅಧ್ಯಾಯದಲ್ಲಿ ಏನಿದೆ ಎಂಬುದನ್ನು ಸಾಮಾನ್ಯವಾಗಿ ಪ್ರಕಾಶಕರೇ ಹಾಕಿರುತ್ತಾರೆ. ಲೇಖಕರ ಮುಖ್ಯ ವಾದ ಯಾವುದು, ಅದಕ್ಕೆ ಆಧಾರವೇನು, ಆ ಆಧಾರ ಗಟ್ಟಿಯೇ ಎಂಬುದು ವಿಮರ್ಶೆ ಓದುವವರಿಗೆ ಬೇಕು.

ಮೊದಲು ಪೀಠಿಕೆ ಮತ್ತು ಕೊನೆಯ ಅಧ್ಯಾಯ ಓದಿ, ಪುಸ್ತಕದ ಪ್ರತಿಜ್ಞೆಯನ್ನು, ಅಂದರೆ ಅದು ಸಾಧಿಸಲು ಹೊರಟಿರುವ ಮಾತನ್ನು, ಎರಡೇ ವಾಕ್ಯಗಳಲ್ಲಿ ಬರೆದಿಡಿ. ಆಮೇಲೆ ಪೂರ್ತಿ ಓದುತ್ತಾ, ಅದಕ್ಕೆ ಹೇತು (ಕಾರಣ) ಕೊಟ್ಟಿರುವ ಪುಟಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಬರೆಯುವಾಗ ಹಿನ್ನೆಲೆಗೆ 200 ಪದ, ವಾದದ ನಿರೂಪಣೆಗೆ 600, ಪರೀಕ್ಷೆಗೆ 600, ಪುಸ್ತಕ ಯಾರಿಗೆ ಎಂಬುದಕ್ಕೆ 100 ಇದ್ದರೆ ಸಾಕು.

ಪರೀಕ್ಷೆ ಎಂದರೆ ಹೀಗೆ. ಎಚ್ಚರದ ಜಗತ್ತು ಸ್ವಪ್ನದಂತೆಯೇ ಎಂಬುದು ಶಂಕರರ ಮತ ಎಂದು ಲೇಖಕರು ಹೇಳಿದ್ದಾರೆ ಅಂದುಕೊಳ್ಳಿ. ಮಾಂಡೂಕ್ಯ ಉಪನಿಷತ್ತಿನ ಮೇಲೆ ಗೌಡಪಾದರು ಬರೆದ ಪದ್ಯಗಳಾದ ಗೌಡಪಾದ ಕಾರಿಕೆಯ 2.4ಕ್ಕೆ ಶಂಕರರ ಹೆಸರಿನಲ್ಲಿರುವ ಭಾಷ್ಯ ಲೇಖಕರ ಪರವಾಗಿದೆ. ಎಚ್ಚರದಲ್ಲಿ ಕಾಣುವ ವಸ್ತುಗಳು ಮಿಥ್ಯೆ, ಅವು ‘ದೃಶ್ಯ’ವಾಗಿರುವುದೇ (ಕಾಣಿಸಿಕೊಳ್ಳುವಂಥವು ಆಗಿರುವುದೇ) ಹೇತು, ಸ್ವಪ್ನವೇ ದೃಷ್ಟಾಂತ ಎಂದು ಅಲ್ಲಿ ಅನುಮಾನವನ್ನೇ (ತರ್ಕಶಾಸ್ತ್ರದ ಕ್ರಮದ ವಾದವನ್ನೇ) ಕಟ್ಟಿದೆ. ಆದರೆ ಬ್ರಹ್ಮಸೂತ್ರ 2.2.29ರ ಭಾಷ್ಯ ತೆರೆದು ನೋಡಿ. ಅಲ್ಲಿ ಹೊರಗಿನ ವಸ್ತುಗಳಿಲ್ಲ, ಅರಿವೊಂದೇ ಇದೆ ಎನ್ನುವ ಬೌದ್ಧ ವಿಜ್ಞಾನವಾದವನ್ನು ಖಂಡಿಸುತ್ತಾ ಶಂಕರರು, ಸ್ವಪ್ನದಲ್ಲಿ ಕಂಡದ್ದು ಎಚ್ಚರವಾದೊಡನೆ ಬಾಧಿತವಾಗುತ್ತದೆ (ಸುಳ್ಳೆಂದು ತಿಳಿಯುತ್ತದೆ), ಎಚ್ಚರದಲ್ಲಿ ಕಂಡ ಕಂಬ ಯಾವ ಅವಸ್ಥೆಯಲ್ಲೂ ಹಾಗೆ ಬಾಧಿತವಾಗುವುದಿಲ್ಲ ಎನ್ನುತ್ತಾರೆ. ಲೇಖಕರು ಈ ಎರಡನ್ನೂ ಎದುರಿಗಿಟ್ಟುಕೊಂಡಿದ್ದಾರೆಯೇ, ಇಲ್ಲವೇ ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆಯೇ? ಕಾರಿಕಾಭಾಷ್ಯ ಶಂಕರರದೇ ಹೌದೋ ಎಂಬ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯವನ್ನು ಚರ್ಚಿಸಿದ್ದಾರೆಯೇ? ನಿಮ್ಮ 600 ಪದಗಳಿಗೆ ಇದೊಂದೇ ವಿಷಯ ಸಾಕು.

ಆಕ್ಷೇಪ ಎತ್ತುವ ಮುನ್ನ ಲೇಖಕರ ಸಂಭವನೀಯ ಉತ್ತರವನ್ನು ನೀವೇ ಯೋಚಿಸಿ. ಸೂತ್ರಭಾಷ್ಯದ ಮಾತು ವ್ಯಾವಹಾರಿಕ (ದಿನನಿತ್ಯದ ಅನುಭವದ) ನೆಲೆಯದು, ಕಾರಿಕೆಯದು ಪಾರಮಾರ್ಥಿಕ (ಪರಮ ಸತ್ಯದ) ದೃಷ್ಟಿಯದು ಎಂದು ಅವರು ಹೇಳಬಹುದು. ಪುಸ್ತಕದಲ್ಲಿ ಆ ಉತ್ತರ ಇದ್ದೂ ನೀವು ಅದನ್ನು ಬಿಟ್ಟರೆ ಅದು ಅನ್ಯಾಯ. ಪೂರ್ವಪಕ್ಷವನ್ನು, ಅಂದರೆ ತಾನು ಖಂಡಿಸಲಿರುವ ಮತವನ್ನು, ಎದುರಾಳಿಯೂ ಒಪ್ಪುವಂತೆ ಮಂಡಿಸುವುದು ಈ ಶಾಸ್ತ್ರದ ಹಳೆಯ ಶಿಸ್ತು, ವಿಮರ್ಶಕರಿಗೂ ಅದೇ ಅನ್ವಯ. ‘ರಾಮಾನುಜರ ಬಗ್ಗೆ ಏನೂ ಹೇಳಿಲ್ಲ’ ಎಂಬಂಥ ದೂರನ್ನು, ಆ ಮೌನದಿಂದ ವಾದಕ್ಕೇ ಪೆಟ್ಟು ಬಿದ್ದಿದ್ದರೆ ಮಾತ್ರ ಬರೆಯಿರಿ.

ಪ್ರಶ್ನೆ: ಯಾರೂ ಕೇಳದಿದ್ದರೂ ವಿಮರ್ಶೆ ಬರೆದು ಕಳಿಸಬಹುದೇ? (ಉಪನ್ಯಾಸಕ, ಶಿವಮೊಗ್ಗ)

ಉತ್ತರ: ಮೊದಲು ಆ ಜರ್ನಲ್‌ನ ನಿಯಮ ನೋಡಿ. ಅಮೆರಿಕದಲ್ಲಿ 2002ರಲ್ಲಿ ಶುರುವಾದ, ವಿಮರ್ಶೆಗಳಿಗೆಂದೇ ಮೀಸಲಾದ ‘ನೋಟರ್ ಡೇಮ್ ಫಿಲಾಸಫಿಕಲ್ ರಿವ್ಯೂಸ್’ನಲ್ಲಿ ವಿಮರ್ಶಕರನ್ನು ಸಂಪಾದಕರೇ ಆರಿಸುತ್ತಾರೆ. ಬರೆದು ಕಳಿಸುವ ಬದಲು ವಿಮರ್ಶಾ ಸಂಪಾದಕರಿಗೆ ಐದಾರು ಸಾಲಿನ ಇಮೇಲ್ ಹಾಕಿ: ನಿಮ್ಮ ಕ್ಷೇತ್ರ, ಅದರಲ್ಲಿ ನೀವು ಪ್ರಕಟಿಸಿದ್ದು, ಯಾವ ಪುಸ್ತಕ, ಎಷ್ಟು ದಿನದಲ್ಲಿ ಕೊಡಬಲ್ಲಿರಿ. ಲೇಖಕರು ನಿಮ್ಮ ಗೈಡ್ ಅಥವಾ ಸಹೋದ್ಯೋಗಿ ಆಗಿದ್ದರೆ ಆ ಪುಸ್ತಕ ಕೇಳಲೇಬೇಡಿ. ಪುಸ್ತಕ ಬಂದ ಮೇಲೆ ಬರೆಯಲು ಆಗದು ಎನಿಸಿದರೆ ತಕ್ಷಣ ತಿಳಿಸಿ. ಸುಮ್ಮನಿದ್ದುಬಿಟ್ಟರೆ ಆ ಜರ್ನಲ್‌ನಲ್ಲಿ ಆ ಪುಸ್ತಕಕ್ಕೆ ವಿಮರ್ಶೆಯೇ ಬರದೆ ಹೋಗಬಹುದು, ಮೊದಲ ಪುಸ್ತಕ ಬರೆದವರಿಗೆ ಅದು ದೊಡ್ಡ ನಷ್ಟ.

ಪ್ರಶ್ನೆ: ಹದಿನಾಲ್ಕು ಲೇಖಕರ ಪ್ರಬಂಧ ಸಂಕಲನವನ್ನು ಹೇಗೆ ವಿಮರ್ಶಿಸುವುದು? (ಓದುಗರು, ಮೈಸೂರು)

ಉತ್ತರ: ಒಂದೇ ಪ್ರಶ್ನೆಗೆ ಪರಸ್ಪರ ವಿರುದ್ಧ ಉತ್ತರ ಕೊಡುವ ಮೂರು ನಾಲ್ಕು ಪ್ರಬಂಧಗಳನ್ನು ಆರಿಸಿ ವಿವರವಾಗಿ ಚರ್ಚಿಸಿ. ಉಳಿದವುಗಳ ವಿಷಯವನ್ನು ಒಂದು ಪ್ಯಾರಾದಲ್ಲಿ ಹೇಳಿ, ಹೀಗೆ ಆರಿಸಿದ್ದೇಕೆ ಎಂಬುದನ್ನೂ ಬರೆಯಿರಿ. ಅಚ್ಚಿಗೆ ಮುಂಚಿನ ಪಿಡಿಎಫ್ ಓದಿದ್ದರೆ, ಉದ್ಧರಿಸಿದ ಪ್ರತಿ ವಾಕ್ಯವನ್ನೂ ಪುಟಸಂಖ್ಯೆಯನ್ನೂ ಅಚ್ಚಾದ ಪ್ರತಿಯೊಂದಿಗೆ ತಾಳೆ ನೋಡಿ. ಪ್ರೂಫ್ ಹಂತದಲ್ಲಿ ಎರಡೂ ಬದಲಾಗಬಹುದು.