ಹೆದರಿಸಿ ನಗಿಸುವ ಸಿನಿಮಾ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಕರಾವಳಿಯ ಊರೊಂದರ ದೆವ್ವದ ಕಥೆ ಹೇಳುವ ‘ಸು ಫ್ರಮ್ ಸೋ’ ಚಿತ್ರವನ್ನು ಗೆಳತಿಯರ ಜೊತೆ ಥಿಯೇಟರಿನಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮೊನ್ನೆ ಮನೆಯಲ್ಲಿ ಒಬ್ಬಳೇ ಮೊಬೈಲಿನಲ್ಲಿ ನೋಡಿದರೆ ಅಲ್ಲಲ್ಲಿ ಮುಗುಳ್ನಗು ಬಂತು, ಅಷ್ಟೇ. ಹಾಗಾದರೆ ಅಂದು ಜನ ನಕ್ಕರೆಂದು ನಾನೂ ನಕ್ಕೆನೇ? ಕರಾವಳಿಯವರಿಗೆ ಈ ಚಿತ್ರ ನಮಗಿಂತ ಹೆಚ್ಚು ಹಿಡಿಸಿದ್ದು ಯಾಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೌದು, ಜನ ನಕ್ಕರೆಂದು ನೀವೂ ನಕ್ಕಿರಿ. ಅದರಲ್ಲಿ ಸುಳ್ಳೇನೂ ಇಲ್ಲ. ಇಂಥ ಸಿನಿಮಾ ಕಟ್ಟುವವರು ಜನರ ನಗುವನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟುತ್ತಾರೆ. ಹೆದರಿಕೆ ಹುಟ್ಟಲು ಮೊದಲು ಮೌನ ಬೇಕು. ತುಂಬಿದ ಥಿಯೇಟರಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಾಗ ಆ ಮೌನಕ್ಕೊಂದು ಭಾರ ಬರುತ್ತದೆ. ಅಷ್ಟು ಹೊತ್ತು ಹಿಡಿದಿಟ್ಟದ್ದು ಒಂದೇ ಮಾತಿಗೆ ಸಡಿಲವಾದಾಗ ನಗು ಉಕ್ಕುತ್ತದೆ. ಮೊಬೈಲಿನಲ್ಲಿ ಹೆದರಿಕೆಯಾದರೆ ಬೆರಳು ತಾನಾಗಿ ಪರದೆ ಮುಟ್ಟುತ್ತದೆ, ಚಿತ್ರ ನಿಲ್ಲುತ್ತದೆ. ಥಿಯೇಟರಿನಲ್ಲಿ ನಿಲ್ಲಿಸುವ ಅಧಿಕಾರ ನಮಗಿಲ್ಲ. ನನಗೆ ಅಲ್ಲಿನ ದೊಡ್ಡ ಸುಖವೇ ಅದು.

ಇನ್ನು ಕರಾವಳಿಯ ಮಾತು. ನಾನು ಪುತ್ತೂರಿನ ಕಡೆಯವಳು, ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರಿಸುವ ಆಸೆ.

ತುಳುನಾಡಿನಲ್ಲಿ ಸತ್ತವರ ಪ್ರೇತವನ್ನು ‘ಕುಲೆ’ ಎನ್ನುತ್ತೇವೆ. ಕುಲೆಯೆಂದರೆ ಎಲ್ಲಿಂದಲೋ ಬಂದ ಪಿಶಾಚಿಯಲ್ಲ, ಮನೆಯ ಸದಸ್ಯನೇ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಹೊತ್ತಿನ ಮಳೆಗಾಲದ ತಿಂಗಳು) ಎಲೆ ಹಾಕಿ ಕುಲೆಗಳಿಗೆ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಅಂಥದ್ದೇ ಇನ್ನೊಂದು ಮನೆಯ ಸಂಬಂಧ ಹುಡುಕಿ ಪ್ರೇತ ಮದುವೆ ಮಾಡಿಸುತ್ತಾರೆ. ಹಾಗಾಗಿ ಮೈಮೇಲೆ ಬಂದದ್ದರ ಹತ್ತಿರ ‘ನೀನು ಯಾರು, ಯಾವ ಊರು, ನಿನಗೆ ಏನು ಬೇಕು’ ಎಂದು ವಿಚಾರಿಸುವುದು ನಮ್ಮವರಿಗೆ ತೀರ ಸಹಜ. ಚಿತ್ರದ ಅಶೋಕ ಮಾಡಬಾರದ್ದು ಮಾಡಿ ಸಿಕ್ಕಿಬೀಳುವಾಗ, ಪಾರಾಗಲು ಮೈಮೇಲೆ ಬಂದವನಂತೆ ಆಡುತ್ತಾನೆ. ಬಂದವಳು ಸೋಮೇಶ್ವರದ ಸುಲೋಚನಾ ಎಂದಾದಾಗ ಇಡೀ ಊರು ಅದನ್ನು ಒಪ್ಪಿಕೊಂಡು ಮುಂದಿನ ಏರ್ಪಾಡಿಗೆ ಇಳಿಯುತ್ತದಲ್ಲ, ನಗು ಇರುವುದು ಅಲ್ಲಿ. ನಂಬಿಕೆಯನ್ನು ಯಾರೂ ಹಂಗಿಸುವುದಿಲ್ಲ. ಚಿತ್ರದ ಇನ್ನೊಂದು ಪಾತ್ರ ರವಿಯಣ್ಣನಂಥವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ: ಮದುವೆಯಿರಲಿ, ಸಾವಿರಲಿ, ಅವರು ಬಂದು ನಿಂತರೇ ಕೆಲಸ ಶುರು.

ಚಿತ್ರ ತೆರೆಗೆ ಬಂದದ್ದು 2025ರ ಜುಲೈ 25ರಂದು. ಅದರ ಹಿಂದಿನ ದಿನವೇ ಆಟಿ ಅಮಾವಾಸ್ಯೆ. ನಮ್ಮಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುವ ದಿನ. ಕುಲೆಗಳನ್ನು ನೆನೆಯುವ ತಿಂಗಳಲ್ಲೇ ಸುಲೋಚನಾ ಬಂದಳೆಂದು ನನಗೆ ಬಹಳ ಸಂತೋಷವಾಗಿತ್ತು.

ನಾನು ನೋಡಿದ್ದು ಬೆಂಗಳೂರಿನಲ್ಲಿ, ಭಾನುವಾರದ ಸೆಕೆಂಡ್ ಶೋ. ಮಂಗಳೂರು ಕನ್ನಡದ ಒಂದು ಮಾತು ಬಿದ್ದ ಕೂಡಲೇ ಥಿಯೇಟರಿನ ಒಂದು ಮೂಲೆ ಮೊದಲು ನಗುತ್ತಿತ್ತು. ನಮ್ಮ ಕಡೆಯವರು ಅಲ್ಲಿ ಕೂತಿದ್ದಾರೆಂದು ತಿಳಿಯುತ್ತಿತ್ತು. ಅರೆಕ್ಷಣ ಬಿಟ್ಟು ಉಳಿದವರ ನಗು ಏಳುತ್ತಿತ್ತು. ‘ಬಾವ ಬಂದರೋ’ ಹಾಡಿಗೆ ಮಾತ್ರ ಈ ಭೇದವೇ ಇರಲಿಲ್ಲ, ಎಲ್ಲರೂ ಒಟ್ಟಿಗೆ. ಆದರೆ ದ್ವಿತೀಯಾರ್ಧದಲ್ಲಿ ಕಥೆ ಒಬ್ಬ ಅಸಹಾಯಕ ಹೆಣ್ಣಿನ ಕಡೆ ತಿರುಗಿದಾಗ ಅಷ್ಟು ನಕ್ಕ ಥಿಯೇಟರು ತಾನಾಗಿ ಸುಮ್ಮನಾಯಿತು. ಬರಹಗಾರ, ನಿರ್ದೇಶಕ, ಅಶೋಕನ ಪಾತ್ರಧಾರಿ ಮೂರೂ ಆಗಿರುವ ಜೆ.ಪಿ. ತುಮಿನಾಡು ರಂಗಭೂಮಿಯಿಂದ ಬಂದವರು. ಪ್ರೇಕ್ಷಕರನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ನಾಟಕದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ. ದೊಡ್ಡ ಸ್ಟಾರ್ ಇಲ್ಲದ ಈ ಚಿತ್ರವನ್ನು ನಿರ್ಮಿಸಿದ್ದು ರಾಜ್ ಬಿ. ಶೆಟ್ಟಿಯವರ ಲೈಟರ್ ಬುದ್ಧ ಫಿಲಂಸ್. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿದರು. ನೋಡಿದವರು ನೋಡದವರಿಗೆ ಹೇಳಿದರು. ಶುಕ್ರವಾರ ಕಡಿಮೆಯಿದ್ದ ಶೋಗಳು ಭಾನುವಾರದ ಹೊತ್ತಿಗೆ ಏರಿದವು. ಕೊನೆಗೆ ಗಳಿಕೆ 100 ಕೋಟಿ ದಾಟಿತು. ಸಣ್ಣ ಚಿತ್ರಕ್ಕೆ ಮೊದಲ ಮೂರು ದಿನವೇ ಆಯುಷ್ಯ. ‘ಒಟಿಟಿಗೆ ಬರಲಿ, ನೋಡೋಣ’ ಎಂದು ಎಲ್ಲರೂ ಕೂತಿದ್ದರೆ ನೀವು ಗೆಳತಿಯರ ಜೊತೆ ನಕ್ಕ ಆ ಶೋ ಇರುತ್ತಲೇ ಇರಲಿಲ್ಲ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಈ ಚಿತ್ರ ತೋರಿಸಬಹುದೇ? ದೆವ್ವ ಅಂದರೆ ರಾತ್ರಿ ನಿದ್ದೆ ಮಾಡುವುದಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದೆವ್ವದ ಚಿಂತೆ ಬೇಡ, ರಕ್ತ ಚೆಲ್ಲಿ ಹೆದರಿಸುವ ಚಿತ್ರವಲ್ಲ ಇದು. ಆದರೆ ಕುಡಿತದ ದೃಶ್ಯಗಳು ಸಾಕಷ್ಟಿವೆ. ಅಶೋಕ ಸಿಕ್ಕಿಬೀಳುವ ಕಾರಣವನ್ನೂ ಮಗ ಕೇಳಿಯೇ ಕೇಳುತ್ತಾನೆ. ಮೊದಲು ನೀವು ನೋಡಿ, ಆಮೇಲೆ ಪಕ್ಕದಲ್ಲಿ ಕೂತು ತೋರಿಸಿ.

ಪ್ರಶ್ನೆ: ಬೇರೆ ದೇಶದ ಇಂಥ ಸಣ್ಣ ಬಜೆಟ್ಟಿನ ಒಂದೇ ಒಂದು ಚಿತ್ರ ಹೇಳಿ ಎಂದರೆ ಯಾವುದು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’, 2017. ನಿರ್ದೇಶಕ ಶಿನಿಚಿರೊ ಉಎದಾ. ಸುಮಾರು 30 ಲಕ್ಷ ಯೆನ್‌ನಲ್ಲಿ, ಹೆಸರೇ ಕೇಳದ ನಟರನ್ನು ಕಟ್ಟಿಕೊಂಡು ತೆಗೆದ ಸಿನಿಮಾ. ಟೋಕಿಯೊದ ಬೆರಳೆಣಿಕೆಯ ಪರದೆಗಳಲ್ಲಿ ಶುರುವಾದದ್ದು ಜನರ ಬಾಯಿಮಾತಿನಿಂದಲೇ ದೇಶವೆಲ್ಲ ಹಬ್ಬಿ 300 ಕೋಟಿ ಯೆನ್ ದಾಟಿತು. ಪಾಳುಬಿದ್ದ ಕಟ್ಟಡವೊಂದರಲ್ಲಿ ಜಾಂಬಿ (ಎದ್ದು ಓಡಾಡುವ ಹೆಣಗಳ) ಸಿನಿಮಾ ತೆಗೆಯುತ್ತಿರುವ ತಂಡದ ಕಥೆ. ಮೊದಲ 37 ನಿಮಿಷ ಒಂದೇ ಶಾಟ್, ಎಲ್ಲಿಯೂ ಕತ್ತರಿಯಿಲ್ಲ. ಆ ಭಾಗ ಒರಟಾಗಿದೆ. ನಟರು ಮಾತು ಮರೆತವರಂತೆ ನಿಲ್ಲುತ್ತಾರೆ, ಕ್ಯಾಮೆರಾ ಇದ್ದಕ್ಕಿದ್ದಂತೆ ನೆಲದ ಮೇಲೆ ಬೀಳುತ್ತದೆ. ‘ಇದೇನು ಇಷ್ಟು ಕಳಪೆ’ ಎಂದು ಎದ್ದುಹೋಗುವ ಮನಸ್ಸಾಗುತ್ತದೆ. ದಯವಿಟ್ಟು ಏಳಬೇಡಿ. ನೀವು ಕಂಡ ಪ್ರತಿ ತಪ್ಪಿಗೂ ಉಳಿದ ಒಂದು ಗಂಟೆಯಲ್ಲಿ ಉತ್ತರವಿದೆ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಸಿನಿಮಾವನ್ನು ನಾನೇ ಹಾಳು ಮಾಡಿದಂತಾಗುತ್ತದೆ. ನಿಮ್ಮೂರಿನ ಫಿಲ್ಮ್ ಸೊಸೈಟಿಯವರಿಗೆ ಹೇಳಿ ದೊಡ್ಡ ಪರದೆಯ ಮೇಲೆ ಹಾಕಿಸಿ. ಆಗದಿದ್ದರೆ ಮನೆಯಲ್ಲೇ ಏಳೆಂಟು ಜನರನ್ನು ಸೇರಿಸಿ, ಫೋನುಗಳನ್ನು ಪಕ್ಕದ ಕೋಣೆಯಲ್ಲಿ ಇಡಿಸಿ.