ಕ್ಯಾಟಲಿನಾ ಮಹಾಗನಿ: ಎಲೆಯ ಹಿಂಬದಿ ನೋಡಿ

ಕ್ಯಾಲಿಫೋರ್ನಿಯಾದ ನಿಮ್ಮ ತೋಟಕ್ಕೆ ನರ್ಸರಿಯಿಂದ ತಂದ ಕ್ಯಾಟಲಿನಾ ಮಹಾಗನಿ ಶುದ್ಧವೋ, ಬೆರಕೆಯೋ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ಮೊದಲು ಎಲೆಯನ್ನು ಮಗುಚಿ ನೋಡಿ. ಶುದ್ಧ ಗಿಡದ ಎಲೆ ದಪ್ಪವಾಗಿದ್ದು, ಮೇಲ್ಭಾಗ ಕಡುಹಸಿರಾಗಿ ಹೊಳೆಯುತ್ತದೆ. ಅಂಚು ಕೆಳಮುಖವಾಗಿ ಸುರುಳಿಗೊಂಡು, ಹಿಂಬದಿಯಲ್ಲಿ ಉಣ್ಣೆಯಂಥ ಬಿಳಿ ರೋಮ ಒತ್ತಾಗಿ ಹರಡಿರುತ್ತದೆ. ಎಲೆ ತೆಳುವಾಗಿದ್ದು ರೋಮ ವಿರಳವಾಗಿದ್ದರೆ, ಈ ಗಿಡದ ತವರಾದ, ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಸಾಂಟಾ ಕ್ಯಾಟಲಿನಾ ದ್ವೀಪದಲ್ಲೇ ಬೆಳೆಯುವ, ಇದೇ ಗುಂಪಿನ ಮತ್ತೊಂದು ಜಾತಿಯ ಪರ್ವತ ಮಹಾಗನಿಯೊಂದಿಗೆ ಸಂಕರವಾಗಿರುವ ಸಂಶಯ ಪಡಬಹುದು. ಖಚಿತ ತೀರ್ಮಾನಕ್ಕೆ ಆನುವಂಶಿಕ ಪರೀಕ್ಷೆಯೇ ಬೇಕು. (ನಮ್ಮೂರಿನ ಸಾಲುಮರದ ಮಹಾಗನಿ ಬೇವಿನ ಕುಟುಂಬದ್ದು, ಇದು ಗುಲಾಬಿಯ ಕುಟುಂಬದ್ದು.)

ನರ್ಸರಿಯಲ್ಲಿ ಶುದ್ಧ ಗಿಡ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಸಾಂಟಾ ಕ್ಯಾಟಲಿನಾ ದ್ವೀಪದ ವೈಲ್ಡ್ ಬೋರ್ ಗಲ್ಲಿ ಎಂಬ ಒಂದೇ ಕೊರಕಲಿನಲ್ಲಿ ಇದು ಸ್ವಾಭಾವಿಕವಾಗಿ ಬೆಳೆಯುತ್ತದೆ. ಹೊರಗಿನಿಂದ ತಂದುಬಿಟ್ಟ ಆಡುಗಳು ಮೇಯ್ದು, ಹಂದಿಗಳು ನೆಲ ಕೆದಕಿ ಹಾಳುಮಾಡಿದ್ದರಿಂದ, 1970ರ ದಶಕದ ಕೊನೆಗೆ ಬಲಿತ ಗಿಡಗಳು ಏಳೇ ಉಳಿದಿದ್ದವು. 1997ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಬೀಜ ಅಥವಾ ಕಡ್ಡಿ ಎಲ್ಲಿಂದ ಬಂದದ್ದೆಂಬ ದಾಖಲೆಯನ್ನು ನರ್ಸರಿಯವರಿಂದ ಕೇಳಿ ಪಡೆಯಿರಿ. ಪರಾಗ ಗಾಳಿಯಲ್ಲಿ ಹರಡುವುದರಿಂದ, ಎರಡೂ ಜಾತಿಗಳು ಅಕ್ಕಪಕ್ಕದಲ್ಲಿರುವ ತೋಟದ ಬೀಜವನ್ನು ನಂಬಬೇಡಿ.