ಫ್ರೀಜರ್ ತುಂಬಬೇಕಿಲ್ಲ, ನಾಳೆಯ ಹಾಲಿದ್ದರೆ ಸಾಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟಿರುವ, ಇಲ್ಲವೇ ಈಗಷ್ಟೇ ಮರಳಿರುವ ತಾಯಂದಿರವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗುವಿಗೆ ಮೂರೂವರೆ ತಿಂಗಳು. ಇನ್ನು ಮೂರು ವಾರಕ್ಕೆ ಡ್ಯೂಟಿಗೆ ಹಾಜರಾಗಬೇಕು. 'ಈಗಿನಿಂದಲೇ ಫ್ರೀಜರ್ ತುಂಬಿಸಿಕೋ' ಅಂತ ಗೆಳತಿಯರು ಹೇಳುತ್ತಾರೆ. ದಿನವಿಡೀ ಮಗುವಿಗೆ ಕುಡಿಸಿ ನಡುನಡುವೆ ಪಂಪ್ ಹಾಕಿದರೆ 40 ಮಿ.ಲೀ. ಬಂದರೆ ಹೆಚ್ಚು. ನನಗೆ ಹಾಲು ಕಡಿಮೆಯೇ? ಹೇಗೂ ಕಷ್ಟವಾಗುತ್ತದೆ, ಈಗಲೇ ಬಿಡಿಸಿಬಿಡಲೇ?

ಉತ್ತರ: ಬಿಡಿಸಬೇಡಿ. ಮಗು ಹೊಟ್ಟೆ ತುಂಬ ಕುಡಿದ ಮೇಲೂ ನಿಮಗೆ 40 ಮಿ.ಲೀ. ಸಿಗುತ್ತಿದೆ. ಅದನ್ನು ಕೊರತೆ ಎನ್ನುವುದು ಹೇಗೆ? ಪಂಪಿನ ಬಾಟಲಿಯ ಗೆರೆ ನೋಡಿ ಎದೆಯಲ್ಲಿ ಎಷ್ಟು ಹಾಲಿದೆ ಎಂದು ಹೇಳಲಾಗದು. ಚೆನ್ನಾಗಿ ಕಚ್ಚಿ ಕುಡಿಯುವ ಮಗು ಪಂಪಿಗಿಂತ ಸಲೀಸಾಗಿ ಹಾಲು ಎಳೆಯುತ್ತದೆ. ಮಗುವಿನ ತೂಕ ಸರಿಯಾಗಿ ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಹಾಲು ಸಾಕಷ್ಟಿದೆ ಎಂದೇ ಅರ್ಥ.

ಈಗ ಲೆಕ್ಕಕ್ಕೆ ಬರೋಣ. ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಕುಡಿಯುತ್ತದೆ. ಕೆಲವು ಮಕ್ಕಳಿಗೆ 500ರ ಆಸುಪಾಸು ಸಾಕು, ಕೆಲವರಿಗೆ ಒಂದು ಲೀಟರ್ ಮೀರಿಯೂ ಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಈ ಐದು ತಿಂಗಳಲ್ಲಿ ಮಗು ದೊಡ್ಡದಾದರೂ ಈ ಪ್ರಮಾಣ ಹೆಚ್ಚೇನೂ ಏರುವುದಿಲ್ಲ. ಮೊದಲ ತಿಂಗಳುಗಳ ಬೆಳವಣಿಗೆಯ ವೇಗ ಆಮೇಲೆ ತಗ್ಗುವುದೇ ಕಾರಣ. ಅಂದರೆ ಗಂಟೆಗೆ ಸರಿಸುಮಾರು 30 ಮಿ.ಲೀ. ಹೋಗಿಬರುವ ಸಮಯ ಸೇರಿ ನೀವು ಒಂಬತ್ತು ಗಂಟೆ ದೂರ ಇದ್ದರೆ 270 ಮಿ.ಲೀ. ಬೇಕು. ಸ್ವಲ್ಪ ಹೆಚ್ಚುವರಿ ಸೇರಿಸಿ 350 ಇಟ್ಟುಕೊಳ್ಳಿ.

ಮೊದಲ ದಿನಕ್ಕೆ ಬೇಕಾದಷ್ಟು, ಜತೆಗೆ ಚೆಲ್ಲಿದರೆ ಕೆಟ್ಟರೆ ಇರಲಿ ಎಂದು ಇನ್ನೊಂದು ದಿನದ್ದು. ಇಷ್ಟಿದ್ದರೆ ಸಾಕು. ಅಲ್ಲಿಂದ ಮುಂದೆ ಸೋಮವಾರ ಹಿಂಡಿದ್ದನ್ನು ಮಂಗಳವಾರ ಕುಡಿಸುವುದು, ವಾರದ ಕೊನೆಯ ದಿನದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ಸೋಮವಾರಕ್ಕೆ ಬಳಸುವುದು. ಸಾಲುಸಾಲು ಹಾಲಿನ ಚೀಲಗಳಿರುವ ಫ್ರೀಜರ್ ಫೋಟೊಗಳು ನನ್ನ ಮಟ್ಟಿಗೆ ತಾಯಂದಿರನ್ನು ಹೆದರಿಸುವುದಕ್ಕೇ ಹೆಚ್ಚು ಉಪಯೋಗ. ಅಗತ್ಯಕ್ಕಿಂತ ಹೆಚ್ಚು ಪಂಪ್ ಮಾಡಿದರೆ ದೇಹ ಅವಳಿ ಮಕ್ಕಳಿವೆಯೇನೋ ಎಂಬಂತೆ ಹಾಲು ತಯಾರಿಸಲು ಶುರುಮಾಡುತ್ತದೆ. ಎದೆ ಕಟ್ಟಿಕೊಳ್ಳುವುದು, ಗಂಟಾಗುವುದು, ಬಾವು ಬರುವುದು ಆಮೇಲಿನ ಕಥೆ.

ಮಾಡಬೇಕಾದದ್ದು ಇಷ್ಟೆ. ಕೆಲಸಕ್ಕೆ ಸೇರುವ ಎರಡು ವಾರ ಮೊದಲು, ಬೆಳಿಗ್ಗೆ ಮಗು ಮೊದಲ ಸಲ ಕುಡಿದು ಒಂದು ಗಂಟೆಯ ನಂತರ ಹದಿನೈದು ನಿಮಿಷ ಹಿಂಡಿ. ಬೆಳಗಿನ ಹೊತ್ತು ಹಾಲು ಹೆಚ್ಚಿರುತ್ತದೆ. ಇಲ್ಲವೇ ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಪಂಪ್ ಹಚ್ಚಿ. ಪಂಪಿನ ಎಳೆತ ಜಾಸ್ತಿ ಇಟ್ಟಷ್ಟೂ ಹಾಲು ಜಾಸ್ತಿ ಬರುತ್ತದೆ ಎಂಬುದು ತಪ್ಪು. ನೋವಾದರೆ ಹಾಲಿಳಿಯುವುದೇ ನಿಲ್ಲಬಹುದು. ನೋವಿಗೆ ಎಷ್ಟೋ ಸಲ ಕಾರಣ ಎದೆಗೆ ಹಚ್ಚುವ ಕೊಳವೆಯ ಅಳತೆ. ಪಂಪಿನ ಜತೆ ಬರುವ ಅಳತೆ ಎಲ್ಲರಿಗೂ ಹೊಂದುವುದಿಲ್ಲ. ಮೊಲೆತೊಟ್ಟು ಕೊಳವೆಗೆ ಉಜ್ಜಬಾರದು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ತುಂಬಾ ಒಳಗೆ ಎಳೆದುಕೊಳ್ಳಬಾರದು. ಇನ್ನೊಂದು ಮಾತು. ಸಾಧ್ಯವಿದ್ದರೆ ವಾರದ ಮಧ್ಯದಲ್ಲಿ ಕೆಲಸಕ್ಕೆ ಹಾಜರಾಗಿ. ಮೊದಲ ವಾರ ಎರಡು ಮೂರು ದಿನದ್ದಾದರೆ ಇಬ್ಬರಿಗೂ ಹಗುರ.

ಪ್ರಶ್ನೆ: ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು, ಮಗುವಿಗೆ ಐದು ತಿಂಗಳು. ಆಫೀಸಿನಲ್ಲಿ ಎರಡು ಸಲ ಹಿಂಡಿ 280 ಮಿ.ಲೀ. ತರುತ್ತೇನೆ. ಮನೆಯಲ್ಲಿ ಅತ್ತೆ ಬಾಟಲಿಯಲ್ಲಿ 450 ಕುಡಿಸಿ, 'ನಿನ್ನ ಹಾಲು ಸಾಲುತ್ತಿಲ್ಲ, ಪುಡಿಹಾಲು ಶುರುಮಾಡೋಣ' ಎನ್ನುತ್ತಾರೆ. ಮಗು ಬಾಟಲಿ ಖಾಲಿ ಮಾಡುವುದೂ ನಿಜ.

ಉತ್ತರ: ನಿಮ್ಮ ಹಾಲಿಗಿಂತ ಮೊದಲು ಆ ಬಾಟಲಿ ಹಿಡಿಯುವ ರೀತಿಯನ್ನು ನೋಡಬೇಕು. ಎದೆಯಲ್ಲಿ ಮಗು ಚೀಪಬೇಕು, ಕಾಯಬೇಕು, ಹಾಲಿಳಿದಾಗ ನುಂಗಬೇಕು, ಮತ್ತೆ ಕಾಯಬೇಕು. ಮಲಗಿಸಿ ಬಾಟಲಿ ಬಗ್ಗಿಸಿ ಹಿಡಿದರೆ ಹಾಲು ತಾನಾಗಿ ಬಾಯಿಗೆ ಸುರಿಯುತ್ತದೆ, ಮಗುವಿಗೆ ನುಂಗದೆ ಬೇರೆ ದಾರಿ ಇರುವುದಿಲ್ಲ. ಐದು ನಿಮಿಷಕ್ಕೆ 150 ಮಿ.ಲೀ. ಮುಗಿದರೆ ಅದು ಹಸಿವಿನ ಲೆಕ್ಕ ಅಲ್ಲ. ಹೊಟ್ಟೆ ತುಂಬಿತು ಎಂದು ಮಗುವಿಗೆ ಅನಿಸುವ ಮೊದಲೇ ಬಾಟಲಿ ಮುಗಿದಿರುತ್ತದೆ.

ಮಗುವನ್ನು ಹೆಚ್ಚುಕಡಿಮೆ ನೆಟ್ಟಗೆ ಕೂರಿಸಿ. ಬಾಟಲಿಯನ್ನು ಅಡ್ಡಡ್ಡ ಹಿಡಿದು, ನಿಪ್ಪಲ್ ತುದಿಯಲ್ಲಿ ಮಾತ್ರ ಹಾಲು ನಿಲ್ಲುವಂತೆ ನೋಡಿಕೊಳ್ಳಿ. ನಿಧಾನವಾಗಿ ಹಾಲು ಬಿಡುವ ನಿಪ್ಪಲ್ ಇರಲಿ, ವಯಸ್ಸಾಯಿತು ಎಂದು ದೊಡ್ಡ ತೂತಿನದಕ್ಕೆ ಬದಲಿಸಬೇಕಾಗಿಲ್ಲ. ಏಳೆಂಟು ಸಲ ನುಂಗಿದ ಮೇಲೆ ಬಾಟಲಿ ಕೆಳಗೆ ಇಳಿಸಿ ಉಸಿರಾಡಲು ಬಿಡಿ. ಒಂದು ಸಲದ ಹಾಲು ಮುಗಿಯಲು ಹದಿನೈದು ಇಪ್ಪತ್ತು ನಿಮಿಷ ಹಿಡಿದರೆ ಸರಿಯಾಗಿದೆ. ಒಂದೊಂದು ಬಾಟಲಿಗೆ 70-90 ಮಿ.ಲೀ. ಮಾತ್ರ ಹಾಕಿಡಿ. ತುಂಬಿದ ಬಾಟಲಿ ಕಂಡರೆ ಖಾಲಿ ಮಾಡಿಸಬೇಕೆಂಬ ಆಸೆ ಕುಡಿಸುವವರಿಗೇ ಬರುತ್ತದೆ. ಮಗು ತಲೆ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಅತ್ತಾಗಲೆಲ್ಲ ಬಾಟಲಿ ಬೇಡ, ಐದು ತಿಂಗಳ ಮಗು ನಿದ್ದೆಗೂ ಅಳುತ್ತದೆ, ಬೇಜಾರಿಗೂ ಅಳುತ್ತದೆ. ಇದನ್ನು ಅತ್ತೆಯವರಿಗೆ ತಪ್ಪು ಹುಡುಕುವ ಧಾಟಿಯಲ್ಲಿ ಹೇಳಿದರೆ ಕೆಡುತ್ತದೆ. ಒಂದು ರಜಾದಿನ ಮನೆಯವರೆಲ್ಲ ಇರುವಾಗ ನೀವೇ ಹೀಗೆ ಕುಡಿಸಿ ತೋರಿಸಿ, ಸಾಕು.

ಇನ್ನು ನಿಮ್ಮ ಕಡೆಯದು. ಎದೆಯಲ್ಲಿ ಹಾಲು ತುಂಬಿ ನಿಂತರೆ ತಯಾರಿ ನಿಧಾನವಾಗುತ್ತದೆ, ಖಾಲಿಯಾದರೆ ಚುರುಕಾಗುತ್ತದೆ. ಆದ್ದರಿಂದ ಅರ್ಧ ಗಂಟೆ ಒಂದೇ ಸಲ ಕೂರುವುದಕ್ಕಿಂತ ಮೂರು ಗಂಟೆಗೊಮ್ಮೆ ಹದಿನೈದು ನಿಮಿಷ ಹಿಂಡುವುದು ಒಳ್ಳೆಯದು. ಎರಡರ ಬದಲು ಮೂರು ಸಲ ಸಾಧ್ಯವೇ ನೋಡಿ. ಪಂಪ್ ಮಾಡುವಾಗ ಕೈಯಿಂದ ಎದೆಯನ್ನು ಮೆದುವಾಗಿ ಒತ್ತಿದರೆ ಇನ್ನಷ್ಟು ಬರುತ್ತದೆ. ಆದರೆ ಆಫೀಸಿನ ಲೆಕ್ಕವೊಂದನ್ನೇ ನೋಡಬೇಡಿ, ಇಪ್ಪತ್ನಾಲ್ಕು ಗಂಟೆಯದ್ದನ್ನು ನೋಡಿ. ಹೊರಡುವ ಮುನ್ನ ಒಮ್ಮೆ, ಬಂದ ತಕ್ಷಣ ಒಮ್ಮೆ, ರಾತ್ರಿ ಕೇಳಿದಾಗಲೆಲ್ಲ, ರಜಾದಿನ ಪೂರ್ತಿ ಎದೆಯಿಂದಲೇ ಕುಡಿಸಿ. ನೀವು ಮನೆ ಸೇರುವ ಅರ್ಧ ಗಂಟೆ ಮುಂಚೆ ಬಾಟಲಿ ಕೊಡದಂತೆ ಹೇಳಿ, ಹಸಿದ ಮಗು ನಿಮಗಾಗಿ ಕಾಯಲಿ.

ಇಷ್ಟೆಲ್ಲ ಮಾಡಿಯೂ ತೂಕ ಏರದಿದ್ದರೆ ಮಕ್ಕಳ ವೈದ್ಯರ ಸಲಹೆಯಂತೆ ಸ್ವಲ್ಪ ಪುಡಿಹಾಲು ಸೇರಿಸಿ. ಅದರಿಂದ ಎದೆಹಾಲು ವ್ಯರ್ಥವಾಗುವುದಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ.

ಪ್ರಶ್ನೆ: ಆಫೀಸಿನಲ್ಲಿ ಫ್ರಿಜ್ ಇಲ್ಲ. ಹಾಲು ಸಂಜೆವರೆಗೆ ಕೆಡುವುದಿಲ್ಲವೇ? ಫ್ರೀಜರ್‌ನಿಂದ ತೆಗೆದ ಹಾಲು ಸೋಪಿನ ವಾಸನೆ ಬರುತ್ತದೆ, ಕೊಡಬಹುದೇ?

ಉತ್ತರ: ಈಗಷ್ಟೇ ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಸೆಕೆ ಇದ್ದರೆ ಅಷ್ಟು ಹೊತ್ತು ಕಾಯಬೇಡಿ. ಗಟ್ಟಿಯಾದ ಐಸ್ ಪ್ಯಾಕ್‌ಗಳಿರುವ ಕೂಲರ್ ಬ್ಯಾಗಿನಲ್ಲಿ 24 ಗಂಟೆವರೆಗೂ ಇಡಬಹುದು, ಹಾಗಾಗಿ ಸಂಜೆವರೆಗೆ ಚಿಂತೆಯಿಲ್ಲ. ಮನೆಗೆ ಬಂದ ಕೂಡಲೇ ಫ್ರಿಜ್‌ಗೆ ಸೇರಿಸಿ. ಬಾಗಿಲಿನಲ್ಲಿ ಬೇಡ, ಒಳಗೆ ಹಿಂಭಾಗದಲ್ಲಿ ಇಟ್ಟರೆ ನಾಲ್ಕು ದಿನ. ಫ್ರೀಜರ್‌ನಲ್ಲಿ ಆರು ತಿಂಗಳೊಳಗೆ ಬಳಸುವುದು ಒಳ್ಳೆಯದು. ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಮತ್ತೆ ಫ್ರೀಜ್ ಮಾಡಬೇಡಿ. ಮಗು ಬಾಯಿ ಹಚ್ಚಿ ಬಿಟ್ಟದ್ದಕ್ಕೆ ಎರಡು ಗಂಟೆ ಗಡುವು. ಬಿಸಿ ಮಾಡಲು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರಾಯಿತು. ಮೈಕ್ರೋವೇವ್ ಬೇಡವೇ ಬೇಡ, ಹಾಲು ಒಂದೊಂದು ಕಡೆ ಸುಡುವಷ್ಟು ಕಾದು ಬಾಯಿ ಸುಡುತ್ತದೆ. ಇಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುವುದು ಸಹಜ, ಮೆಲ್ಲಗೆ ಆಡಿಸಿದರೆ ಬೆರೆಯುತ್ತದೆ.

ಸೋಪಿನ ವಾಸನೆ ಬರುವುದು ಹಾಲಿನಲ್ಲಿರುವ ಕೊಬ್ಬು ಒಡೆಯುವುದರಿಂದ. ಹಾಲು ಕೆಟ್ಟಿಲ್ಲ, ಮಗು ಕುಡಿದರೆ ಕೊಡಿ. ಕುಡಿಯದಿದ್ದರೆ ಇನ್ನು ಮುಂದೆ ಹಿಂಡಿದ ತಕ್ಷಣ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಮಾತ್ರ ಬಿಸಿ ಮಾಡಿ, ಬೇಗ ತಣಿಸಿ ಫ್ರೀಜರ್‌ಗೆ ಹಾಕಿ. ಆಗಲೇ ವಾಸನೆ ಬಂದ ಹಾಲನ್ನು ಕಾಯಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಮಗಳು ಬಾಟಲಿ ಮುಟ್ಟುವುದೇ ಇಲ್ಲ. ಹಗಲು ನೂರು ಮಿ.ಲೀ. ಕುಡಿದರೆ ಹೆಚ್ಚು. ರಾತ್ರಿಯೆಲ್ಲ ಎದೆಗೆ ಅಂಟಿಕೊಂಡೇ ಇರುತ್ತಾಳೆ. ನಿದ್ದೆಯಿಲ್ಲದೆ ಕೆಲಸ ಮಾಡುವುದು ಹೇಗೆ?

ಉತ್ತರ: ಹಗಲು ಬಿಟ್ಟದ್ದನ್ನು ಅವಳು ರಾತ್ರಿ ವಸೂಲು ಮಾಡುತ್ತಿದ್ದಾಳೆ. ಅನೇಕ ಮಕ್ಕಳು ಹೀಗೆ ಮಾಡುತ್ತವೆ. ಒಟ್ಟು ಮೂತ್ರ, ತೂಕ ಸರಿಯಿದ್ದರೆ ಅಪಾಯವಿಲ್ಲ, ದಣಿವು ಮಾತ್ರ ನಿಮ್ಮದು. ಬಾಟಲಿ ಬೇರೆಯವರು ಕೊಡಲಿ, ನೀವು ಮನೆಯಲ್ಲೇ ಇಲ್ಲದಾಗ ಕೊಡಲಿ. ಹಸಿದು ಕಿರುಚುವಾಗ ಹೊಸ ವಿದ್ಯೆ ಯಾರಿಗೂ ಹತ್ತದು, ಅರೆನಿದ್ದೆಯಲ್ಲೋ ಆಟವಾಡುವ ಹುರುಪಿನಲ್ಲೋ ಇರುವಾಗ ಪ್ರಯತ್ನಿಸಲಿ. ಎತ್ತಿಕೊಂಡು ನಡೆಯುತ್ತಾ ಕೊಟ್ಟರೆ ಕೆಲವು ಮಕ್ಕಳು ಒಪ್ಪುತ್ತವೆ. ಬಾಯಿಗೆ ತುರುಕಬೇಡಿ.

ಬಾಟಲಿಯೇ ಆಗಬೇಕೆಂದೂ ಇಲ್ಲ. ಸಣ್ಣ ಲೋಟದಿಂದ ಎಳೆಗೂಸುಗಳೂ ಕುಡಿಯುತ್ತವೆ. ನೆಟ್ಟಗೆ ಕೂರಿಸಿ, ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯವರೆಗೆ ಮಾತ್ರ ಬರುವಷ್ಟು ಬಾಗಿಸಿ. ಸುರಿಯಬಾರದು, ಅವಳೇ ನೆಕ್ಕಿ ಹೀರಲಿ. ಚಮಚವೂ ನಡೆಯುತ್ತದೆ.

ರಾತ್ರಿಯ ಬಗ್ಗೆ ಒಂದೇ ಎಚ್ಚರಿಕೆ: ಸೋಫಾ ಅಥವಾ ಒರಗು ಕುರ್ಚಿಯಲ್ಲಿ ಕುಡಿಸುತ್ತಾ ನಿದ್ದೆಗೆ ಜಾರುವುದು ಮಗುವಿಗೆ ತೀರಾ ಅಪಾಯಕಾರಿ. ಸಂಜೆ ಬೇಗ ಮಲಗಿ, ಕುಡಿಸುವುದೊಂದನ್ನು ಬಿಟ್ಟು ಉಳಿದ ಕೆಲಸಗಳನ್ನು, ತೇಗಿಸುವುದು ಬಟ್ಟೆ ಬದಲಿಸುವುದು ಸೇರಿ, ಗಂಡನಿಗೆ ಒಪ್ಪಿಸಿ.

ಪ್ರಶ್ನೆ: ಶಿಫ್ಟ್ ಕೆಲಸ, ಊಟದ ಬಿಡುವು ಬಿಟ್ಟರೆ ಬೇರೆ ಸಮಯ ಸಿಗದು. ಎದೆ ಕಲ್ಲಿನಂತಾಗುತ್ತದೆ, ಒಮ್ಮೆ ಗಂಟಾಗಿ ಜ್ವರವೂ ಬಂತು. ಮ್ಯಾನೇಜರ್ ಹತ್ತಿರ ಕೇಳಲು ಸಂಕೋಚ.

ಉತ್ತರ: ಕೇಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದ ಹಾಲೂಡಿಸುವ ತಾಯಿಗೆ ದಿನಕ್ಕೆ ಒಂದು ಅಥವಾ ಹೆಚ್ಚು ಬಿಡುವು, ಇಲ್ಲವೇ ಕಡಿಮೆ ಕೆಲಸದ ಅವಧಿ ಕೊಡಬೇಕು, ಅದನ್ನು ಸಂಬಳ ಸಹಿತ ಕೆಲಸದ ಸಮಯವೆಂದೇ ಎಣಿಸಬೇಕು ಎನ್ನುತ್ತದೆ. ಅದನ್ನು ಅನುಮೋದಿಸಿದ ದೇಶಗಳಿಗಷ್ಟೇ ಅದು ಕಡ್ಡಾಯ, ಅನುಮೋದಿಸದ ಹಲವು ದೇಶಗಳಲ್ಲೂ ತಮ್ಮದೇ ಕಾನೂನುಗಳಿವೆ. ನಿಮ್ಮಲ್ಲಿ ಏನಿದೆ ಎಂದು ಮೊದಲು ತಿಳಿದುಕೊಳ್ಳಿ. ಕೇಳುವಾಗ 'ಸ್ವಲ್ಪ ಅನುಕೂಲ ಮಾಡಿಕೊಡಿ' ಎನ್ನಬೇಡಿ, ಲೆಕ್ಕ ಹೇಳಿ: ಎರಡು ಸಲ, ತಲಾ 20 ನಿಮಿಷ, ಚಿಲಕವಿರುವ ಕೋಣೆ, ಒಂದು ಕುರ್ಚಿ, ಒಂದು ಪ್ಲಗ್. ಬರವಣಿಗೆಯಲ್ಲಿ ಕೊಡಿ. ಶೌಚಾಲಯ ತೋರಿಸಿದರೆ ಒಪ್ಪಬೇಡಿ, ಅಲ್ಲಿ ಯಾರೂ ಊಟ ತಯಾರಿಸುವುದಿಲ್ಲ.

ಪಂಪ್ ಹಾಕುವಷ್ಟು ಸಮಯವಿಲ್ಲದಾಗ ಕೈಯೇ ಗತಿ. ಹೆಬ್ಬೆರಳು ಮೇಲೆ, ಉಳಿದವು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಸೇರಿಸಿ ಹಿಂಡಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಐದು ನಿಮಿಷ ಹೀಗೆ ತೆಗೆದರೂ ಬಿಗಿತ ಇಳಿಯುತ್ತದೆ.

ಗಂಟಿನ ವಿಷಯದಲ್ಲಿ ಹಳೆಯ ಸಲಹೆಗಳು ಬದಲಾಗಿವೆ. ಜೋರಾಗಿ ತಿಕ್ಕಿ ಗಂಟು ಒಡೆಯಿರಿ, ಪೂರ್ತಿ ಖಾಲಿಯಾಗುವವರೆಗೆ ಪಂಪ್ ಮಾಡಿ ಎಂದು ಮೊದಲು ಹೇಳುತ್ತಿದ್ದರು. ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿಯ 2022ರ ಮಾರ್ಗಸೂಚಿ ಎರಡನ್ನೂ ಬೇಡ ಎನ್ನುತ್ತದೆ. ಒಳಗೆ ಊತ ಇರುವಾಗ ತಿಕ್ಕಿದರೆ ಅಂಗಾಂಶಕ್ಕೇ ಪೆಟ್ಟು. ತಣ್ಣನೆಯ ಪಟ್ಟಿ ಇಡಿ, ಮಗುವಿಗೆ ಎಂದಿನಂತೆ ಕುಡಿಸಿ, ವೈದ್ಯರನ್ನು ಕೇಳಿ ಐಬುಪ್ರೊಫೆನ್ ತೆಗೆದುಕೊಳ್ಳಿ. ಜ್ವರ ಒಂದು ದಿನ ದಾಟಿದರೆ ಆಸ್ಪತ್ರೆಗೆ ಹೋಗಿ. ಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟರೂ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಿಲ್ಲ.

ಪ್ರಶ್ನೆ: ಮುಟ್ಟು ಇನ್ನೂ ಶುರುವಾಗಿಲ್ಲ. ಹಾಲು ಕುಡಿಸುತ್ತಿರುವುದರಿಂದ ಗರ್ಭ ನಿಲ್ಲುವುದಿಲ್ಲ ಎಂಬುದು ಕೆಲಸಕ್ಕೆ ಹೋದ ಮೇಲೂ ನಿಜವೇ?

ಉತ್ತರ: ನೆಚ್ಚಿಕೊಳ್ಳಬೇಡಿ. ಆ ರಕ್ಷಣೆಗೆ ಮೂರು ಷರತ್ತುಗಳಿವೆ: ಮಗು ಆರು ತಿಂಗಳೊಳಗಿರಬೇಕು, ಮುಟ್ಟು ಬಂದಿರಬಾರದು, ಮಗು ಹಗಲು ರಾತ್ರಿ ಎನ್ನದೆ ಎದೆಯಿಂದಲೇ ಕುಡಿಯುತ್ತಿರಬೇಕು. ಹಗಲಿಡೀ ದೂರವಿದ್ದು ಪಂಪ್ ಮಾಡುವವರಲ್ಲಿ ಇದರ ಪರಿಣಾಮ ಕಡಿಮೆ. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗಬಹುದು. ಹಾಲಿಗೆ ತೊಂದರೆಯಾಗದ ಗರ್ಭನಿರೋಧಕವನ್ನು ಸ್ತ್ರೀರೋಗ ತಜ್ಞರು ಸೂಚಿಸುತ್ತಾರೆ.

ಪ್ರಶ್ನೆ: ಮಗನಿಗೆ ಹನ್ನೊಂದು ತಿಂಗಳು. ಪಂಪ್ ಕಂಡರೆ ರೇಜಿಗೆಯಾಗುತ್ತಿದೆ. ಅದನ್ನು ನಿಲ್ಲಿಸಿದರೆ ಎದೆಹಾಲನ್ನೂ ಬಿಡಿಸಿದಂತೆಯೇ?

ಉತ್ತರ: ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಇತರ ಆಹಾರದ ಜತೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎಂದು ಹೇಳುತ್ತದೆಯೇ ಹೊರತು ಅಷ್ಟೂ ದಿನ ಪಂಪ್ ಮಾಡಿ ಎಂದಲ್ಲ. ಒಂದು ವರ್ಷ ತುಂಬಿದ ಮೇಲೆ ನೀವಿಲ್ಲದ ಹೊತ್ತಿನಲ್ಲಿ ಊಟ, ನೀರು, ಹಸುವಿನ ಹಾಲು ಸಾಕು. ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು ಮುಂದುವರಿಯಲಿ. ಈ ಹೊತ್ತಿಗೆ ಹೆಚ್ಚಿನವರ ಎದೆ ಹಗಲಿನ ಅಂತರಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಒಮ್ಮೆಲೇ ನಿಲ್ಲಿಸಬೇಡಿ. ಪ್ರತಿ ಸಲದ ಸಮಯವನ್ನು ಎರಡೆರಡು ದಿನಕ್ಕೊಮ್ಮೆ ಎರಡು ಮೂರು ನಿಮಿಷ ಇಳಿಸುತ್ತಾ ಬನ್ನಿ, ನಾಲ್ಕೈದು ನಿಮಿಷಕ್ಕೆ ಬಂದಾಗ ಆ ಸಲದ್ದನ್ನು ಬಿಟ್ಟುಬಿಡಿ. ಒಂದು ಬಿಟ್ಟು ನಾಲ್ಕೈದು ದಿನ ಕಳೆದ ಮೇಲೆ ಇನ್ನೊಂದಕ್ಕೆ ಕೈಹಾಕಿ. ನಡುವೆ ಬಿಗಿತ ಬಂದರೆ ಹಾಯೆನಿಸುವಷ್ಟು ಮಾತ್ರ ಕೈಯಲ್ಲಿ ಹಿಂಡಿ ತೆಗೆಯಿರಿ.